ದೀಪಗಳಿಗೆ ಕೂದಲು

ಆ ರಷ್ಯನ್ ಲೇಖಕನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಆತ ಝಂಡಾ ಹೂಡಿದಷ್ಟು ಕಾಲ ಯಾವ ನೆಂಟನೂ ಹೂಡಿರಲಿಲ್ಲ. ಈ ಪುಟಗಳಲ್ಲೂ ಅವನಿಗೊಂದು ಮಣೆ ಹಾಕಿ ಕೂರಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅಪ್ಪ ಅವನನ್ನು ಬರೀ 'ಆತ' ಎನ್ನುತ್ತಿದ್ದ. ಆತ ಹೀಗೆ ನೋಡುತ್ತಿದ್ದ, ಆತ ಇದನ್ನು ಬಿಡುತ್ತಿರಲಿಲ್ಲ, ಆತ ಒಂದು ಕೆಟಲ್ ಕುದಿಯುವುದನ್ನು ಇಡೀ ಬೆಳಿಗ್ಗೆ ನೋಡಿ ಒಂದೇ ಸಾಲು ಬರೆದ. ಅಮ್ಮ ಅವನನ್ನು 'ನಿಮ್ಮ ರಷ್ಯದ ಮಾವ' ಎಂದು ಕರೆಯುತ್ತಿದ್ದಳು. ಬರೆಯುವಾಗ ಅಪ್ಪನಿಗೆ ಬಹುವಚನ ಹಾಕಲು ನನಗೆ ಕೈ ಬರುವುದಿಲ್ಲ. ಎದುರಿಗೆ ಕೂತರೆ ಇವತ್ತಿಗೂ 'ನೀವು' ಎಂದೇ ಮಾತಾಡುತ್ತೇನೆ, ಅಷ್ಟು ಮರ್ಯಾದೆ ಸಾಕು.

ನಾವಿದ್ದದ್ದು ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ಒಂದು ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ, ಎರಡನೇ ಮಹಡಿಯ ರೆಂಟ್ ಮನೆಯಲ್ಲಿ. ಈಗ ಅಲ್ಲಿ ಹೆಜ್ಜೆಗೊಂದು ಮಿಠಾಯಿ ಅಂಗಡಿ. ಆಗ ನಮ್ಮ ಬೇಳೆ, ಹುಣಸೆಹಣ್ಣಿಗೆ ಇದ್ದದ್ದು ಒಂದೇ ಅಂಗಡಿ. ಎರಡು ಬೆಡ್‌ರೂಮು, ಒಂದು ಹಾಲ್, ಹಾಲಿಗೇ ಅಂಟಿಕೊಂಡ ಅಡುಗೆಮನೆ, ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ರೈಲ್ವೆ ಸ್ಟೇಷನ್. ಅಪ್ಪ ತುಮಕೂರಿನಿಂದ ಹೋಗಿ ರಷ್ಯಾದಲ್ಲಿ ಐದು ವರ್ಷ ಎಂಜಿನಿಯರಿಂಗ್ ಓದಿದವನು. ಆ ಡಿಗ್ರಿಯನ್ನು ಸಿಡ್ನಿಯಲ್ಲಿ ಯಾರೂ ಮೂಸಿ ನೋಡಲಿಲ್ಲ. ಕೊನೆಗೆ ಒಂದು ಶಾಪಿಂಗ್ ಸೆಂಟರಿನ ಸೆಕ್ಯೂರಿಟಿ ರೂಮಿನಲ್ಲಿ ಸಾಲಾಗಿ ಜೋಡಿಸಿದ ಟಿವಿಗಳ ಮುಂದೆ ಕೂತು, ಯಾರು ಯಾವ ಅಂಗಡಿಯಲ್ಲಿ ಏನು ಕದಿಯುತ್ತಾರೆ ಎಂದು ನೋಡುವ ಕೆಲಸ ಸಿಕ್ಕಿತು. ನೋಡುವುದಕ್ಕೇ ಸಂಬಳ. ಆ ಅವಮಾನವನ್ನು ಅಪ್ಪ ಹೇಗೆ ನುಂಗಿಕೊಂಡನೆಂದರೆ, ನೋಡುವುದೇ ಲೋಕದ ಅತ್ಯಂತ ದೊಡ್ಡ ಕೆಲಸ ಎಂದು ತೀರ್ಮಾನಿಸಿಬಿಟ್ಟ. ಸಂಜೆ ಬಂದು ಯೂನಿಫಾರಂ ಕಳಚಿ, ಲುಂಗಿ ಉಟ್ಟು, ರಷ್ಯಾದಿಂದ ತಂದಿದ್ದ ಆತನ ದಪ್ಪ ಪುಸ್ತಕವನ್ನು ಬಿಚ್ಚಿ ದಿನಕ್ಕೆ ಅರ್ಧ ಪುಟದಂತೆ ಕನ್ನಡಕ್ಕೆ ಇಳಿಸುತ್ತಿದ್ದ. ಅಷ್ಟು ಹೊತ್ತು ಮನೆಯಲ್ಲಿ ಮಿಕ್ಸಿ ಹಾಕುವಂತಿರಲಿಲ್ಲ.

ಊಟಕ್ಕೆ ಕೂತರೆ ಪಾಠ. ತಟ್ಟೆಗೆ ಅನ್ನ ಬಿದ್ದ ಮೇಲೆ, ಸಾರು ಬೀಳುವ ಮೊದಲು, ಅವತ್ತು ಕಂಡ ಒಂದು ಸಂಗತಿಯನ್ನು ನಾನೂ ನನ್ನ ತಂಗಿ ಮೇಘಳೂ ಹೇಳಬೇಕಿತ್ತು. 'ಚೆನ್ನಾಗಿತ್ತು' ಅನ್ನುವಂತಿಲ್ಲ. 'ಅದರ ಥರ ಇತ್ತು, ಇದರ ಥರ ಇತ್ತು' ಅನ್ನುವಂತಿಲ್ಲ. ಬಣ್ಣ, ಕೈ, ಕಾಲು, ಗುಂಡಿ, ಕೊಳೆ, ಇಂಥದ್ದೇ ಬೇಕು. ಅಪ್ಪನಿಗೆ ಒಪ್ಪಿಗೆಯಾದರೆ ಅಮ್ಮನ ಕಡೆ ನೋಡಿ ತಲೆಯಾಡಿಸುತ್ತಿದ್ದ, ಆಗ ಸಾರು ಬೀಳುತ್ತಿತ್ತು. ಅಮ್ಮ ಮೈಸೂರಿನ ಕಡೆಯವಳು, ಊಟದ ಹೊತ್ತಿನಲ್ಲಿ ಮಕ್ಕಳನ್ನು ಕಾಯಿಸುವುದು ಅವಳಿಗೆ ಮಹಾಪಾಪ. ಒಂದು ದಿನ ಅಪ್ಪ ಆ ರಷ್ಯನ್ನನ ಬಗ್ಗೆ ತನಗೆ ಬಹಳ ಇಷ್ಟವಾದ ಕತೆಯೊಂದನ್ನು ಹೇಳಿದ. ನಿಜವೋ ಕಟ್ಟುಕತೆಯೋ ನನಗೆ ಗೊತ್ತಿಲ್ಲ. ಅವನ ಮಗುವಿಗೆ ವಿಪರೀತ ಜ್ವರ ಬಂದಿತ್ತಂತೆ. ಆತ ಮಂಚದ ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿ, ಮಗುವಿನ ಕಿವಿಯ ಬಣ್ಣ ಯಾವಾಗ ಹೇಗೆ ಬದಲಾಯಿತು ಎಂದು ಬರೆದಿಟ್ಟನಂತೆ.

"ಮಗೂಗೆ ನೀರು ಕೊಟ್ಟನಂತಾ?" ಅಮ್ಮ ಕೇಳಿದಳು.

"ಅದಲ್ಲ ಇಲ್ಲಿ ವಿಷಯ."

"ಮತ್ತಿನ್ನೇನ್ರೀ ವಿಷಯ? ಜ್ವರ ಬಂದ ಮನೇಲಿ ಬೇರೆ ವಿಷಯ ಏನಿರತ್ತೆ?"

ಅಪ್ಪ ತಟ್ಟೆಗೆ ಕೈ ಹಾಕಿದ. ಅಮ್ಮನ ಪ್ರಶ್ನೆಗಳನ್ನು ಅಪ್ಪ ಹೀಗೇ ಅನ್ನದಲ್ಲಿ ಕಲಸಿ ತಿಂದುಬಿಡುತ್ತಿದ್ದ. ನನಗೆ ಎಂಟು ತುಂಬುವ ಹೊತ್ತಿಗೆ ಈ ಊಟದ ಪಾಠ ಒಂದು ಹಿಂಸೆಯಾಗಿತ್ತು. ಕಾರಣ ಸರಳ: ನನಗೆ ಕಾಣುತ್ತಿರಲಿಲ್ಲ. ಹತ್ತಿರದ್ದು ಕಾಣುತ್ತಿತ್ತು, ಪುಸ್ತಕ, ತಟ್ಟೆ, ಅಮ್ಮನ ಬಳೆ. ಕೋಣೆಯ ಆ ತುದಿಯ ಗಡಿಯಾರ ಬರೀ ಬಿಳಿ ಮುದ್ದೆ. ರಸ್ತೆಯಾಚೆಗಿನ ಲೋಕ ನೀರಿನಲ್ಲಿ ನೆನೆದ ಕಾಗದ. ಅಪ್ಪನಿಗೆ ಬೇಕಾಗಿದ್ದ ಗುಂಡಿ, ಕೊಳೆಗಳೆಲ್ಲ ಇದ್ದದ್ದು ರಸ್ತೆಯಾಚೆಗೇ. ಹಾಗಾಗಿ ಸ್ಕೂಲಿನಿಂದ ಬರುವಾಗ ಐದು ವರ್ಷದ ಮೇಘಳ ಕೈ ಹಿಡಿದು, ಆಟದ ನೆಪದಲ್ಲಿ, ಅಲ್ಲೇನಿದೆ ಇಲ್ಲೇನಿದೆ ಎಂದು ಕೇಳುತ್ತಿದ್ದೆ. ಅವಳು ಹೇಳಿದ್ದನ್ನು ಊಟಕ್ಕೆ ಕೂತಾಗ ನನ್ನದು ಮಾಡಿಕೊಂಡು ಹೇಳುತ್ತಿದ್ದೆ. ಅದಕ್ಕೇ ಸಾರು ಬೀಳುತ್ತಿತ್ತು.

ಇದನ್ನು ಯಾರಿಗೂ ಹೇಳದಿರಲು ನನ್ನಲ್ಲೊಂದು ದೊಡ್ಡ ಕಾರಣವಿತ್ತು, ಅದು ಒಂದು ಪದದಲ್ಲಿತ್ತು. ಅಪ್ಪ ನಮಗೆ ಕನ್ನಡ ಕಲಿಸುವಾಗ ಮತ್ತೆ ಮತ್ತೆ ಹೇಳುತ್ತಿದ್ದದ್ದು 'ದೃಷ್ಟಿ'. ದೃಷ್ಟಿ ಎಂದರೆ ನೋಡುವ ಶಕ್ತಿ, ಅದಿಲ್ಲದವನು ಮನುಷ್ಯನೇ ಅಲ್ಲ, ಆತನಿಗೆ ಎಂಥ ದೃಷ್ಟಿ ಇತ್ತು ಗೊತ್ತಾ. ಅಮ್ಮನೂ ಅದೇ ಪದವನ್ನು ಬಳಸುತ್ತಿದ್ದಳು. ಪ್ರತಿ ಭಾನುವಾರ ಸಂಜೆ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು, "ಬಾ ಪುಟ್ಟಿ, ದೃಷ್ಟಿ ತೆಗೆದುಬಿಡ್ತೀನಿ" ಎಂದು ನನ್ನನ್ನು ಬಾಗಿಲಿಗೆ ಮುಖ ಮಾಡಿ ಕೂರಿಸುತ್ತಿದ್ದಳು. ಬಂದೋರ ಕಣ್ಣು, ಹೋದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಮೂರು ಸಲ ನಿವಾಳಿಸಿ, ಕರೆಂಟ್ ಒಲೆಯ ಕಾದ ಸುರುಳಿಯ ಮೇಲೆ ಸುರಿಯುತ್ತಿದ್ದಳು. ಮೆಣಸಿನಕಾಯಿ ಚಟಪಟ ಸಿಡಿದು, ಸ್ಮೋಕ್ ಅಲಾರಂ ಕಿರುಚಿ, ಅಪ್ಪ ಟವೆಲ್ ಬೀಸುತ್ತಾ ಇಂಗ್ಲಿಷಿನಲ್ಲಿ ಬೈದು, ಇಡೀ ಕಟ್ಟಡಕ್ಕೆ ನಮ್ಮ ಮನೆಯ ಸುದ್ದಿ ಗೊತ್ತಾಗುತ್ತಿತ್ತು. ನಾನು ಆಸ್ಟ್ರೇಲಿಯಾಕ್ಕೆ ಬಂದಾಗ ನನಗೆ ನಾಲ್ಕು ವರ್ಷ. ಕನ್ನಡದ ಒಂದು ಪದಕ್ಕೆ ಎರಡು ಅರ್ಥ ಇರಬಹುದೆಂದು ಹೇಳಿಕೊಡಲು ಅಜ್ಜಿ ಇರಲಿಲ್ಲ, ಬೀದಿ ಇರಲಿಲ್ಲ. ವಾರವೆಲ್ಲ ಅಪ್ಪ ಕೊಟ್ಟ ದೃಷ್ಟಿಯನ್ನು ಅಮ್ಮ ಭಾನುವಾರ ತೆಗೆಯುತ್ತಾಳೆ ಎಂದು ನಾನು ಅರ್ಥ ಮಾಡಿಕೊಂಡೆ. ತೆಗೆದು ಸುಡುತ್ತಾಳೆ. ಅದಕ್ಕೇ ನನಗೆ ಕಾಣುತ್ತಿಲ್ಲ. ಯಾಕೆ ತೆಗೆಯುತ್ತಾಳೆ ಎಂಬುದೂ ನನಗೆ ಹೊಳೆದಿತ್ತು; ನಾನು ಅಪ್ಪನ ಹಾಗೆ, ಆ ರಷ್ಯನ್ನನ ಹಾಗೆ ಆಗುವುದು ಅವಳಿಗೆ ಇಷ್ಟವಿರಲಿಲ್ಲ. ಕಣ್ಣು ಕಾಣುವುದಿಲ್ಲ ಎಂದು ಹೇಳಿದರೆ ಅಮ್ಮ ಸಿಕ್ಕಿಬೀಳುತ್ತಾಳೆ, ಅಪ್ಪ ಅವಳನ್ನು ಮನೆಯಿಂದ ಕಳಿಸಿಬಿಡುತ್ತಾನೆ ಎಂದು ಹೆದರಿ ಬಾಯಿ ಬಿಡಲಿಲ್ಲ.

ಕೊನೆಗೆ ನನ್ನನ್ನು ಹಿಡಿದುಕೊಟ್ಟವಳು ಮೇಘ. ಮೀನಿನ ಅಂಗಡಿಯವನ ಏಪ್ರನ್ನಿನಲ್ಲಿ ಪಿನ್ನು ಚುಚ್ಚಿದ್ದನ್ನು ನಾನು ವರ್ಣಿಸುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

"ದಟ್ಸ್ ಮೈನ್. ಐ ಸಾ ದಟ್. ಅಕ್ಕ ಡಿಡಂಟ್ ಈವನ್ ಲುಕ್."

"ಹೌದಾ?" ಅಪ್ಪ ನನ್ನ ಕಡೆ ತಿರುಗಿದ. "ನೋಡದೇ ನೋಡ್ದೆ ಅಂದ್ಯಾ? ನಾನು ದಿನಾ ಹಿಡಿಯೋ ಕಳ್ಳರಿಗೂ ನಿಂಗೂ ಏನು ವ್ಯತ್ಯಾಸ?"

ತಟ್ಟೆ ಬಿಡಿಸಿ ಎಬ್ಬಿಸಿ, ನೋಟ್‌ಬುಕ್ಕೂ ಪೆನ್ಸಿಲ್ಲೂ ಕೊಟ್ಟು ಬಾಲ್ಕನಿಯಲ್ಲಿ ನಿಲ್ಲಿಸಿದ. ಸ್ಟೇಷನ್ನಿನಲ್ಲಿ ಏನು ಕಾಣುತ್ತದೋ ಅದನ್ನೇ ಬರೆಯಬೇಕು, ಬೇರೆ ಒಂದಕ್ಷರ ಬರೆಯಕೂಡದು. ಆಗ ತಾನೇ ದೀಪ ಹತ್ತಿದ್ದವು. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದೆನಾದ್ದರಿಂದ ಅವತ್ತು ಮಾತ್ರ ನಿಜ ಬರೆದೆ. 'ಪ್ಲಾಟ್‌ಫಾರಂ ಮೇಲೆ ಜನ ಇದ್ದಾರೆ. ಅವರಿಗೆ ಮುಖ ಇಲ್ಲ. ರೈಲು ಬಂದರೆ ಎಲ್ಲರೂ ಕರಗಿ ಒಬ್ಬರೇ ಆಗುತ್ತಾರೆ. ದೀಪಗಳಿಗೆ ಕೂದಲು ಇದೆ.' ಅಪ್ಪ ಓದಿದ. ಎರಡನೇ ಸಲ ಓದಿದ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟ. ಅಮ್ಮನನ್ನು ಕರೆದು ಓದಿ ಹೇಳಿದ. ಮುಂದಿನ ಶನಿವಾರ ಮನೆಗೆ ಬಂದ ಮೂರು ಕನ್ನಡ ಕುಟುಂಬಗಳ ಮುಂದೆ ಪುಳಿಯೋಗರೆ ತಣ್ಣಗಾಗುವವರೆಗೂ ಓದಿದ. "ಆತನೂ ಎಂಟನೇ ವರ್ಷಕ್ಕೆ ಇದನ್ನ ಬರೀತಿರಲಿಲ್ಲ" ಎಂದ. ಎಲ್ಲ ಅಂಕಲ್ ಆಂಟಿಯರೂ ನನ್ನ ಕೆನ್ನೆ ಹಿಂಡಿದರು. ಎಂಟು ವರ್ಷದ ಮಗು, ಜನಕ್ಕೆ ಮುಖ ಇಲ್ಲ ಎಂದು ಬರೆದರೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಓದು ಬರಹ ಬಾರದವರಿಗೂ ಅದು ಗೊತ್ತಾಗುತ್ತಿತ್ತು. ನಮ್ಮಪ್ಪನಿಗೆ ಅದು ಸಾಹಿತ್ಯವಾಗಿ ಕಂಡಿತು. ಅಲ್ಲಿಂದ ಮುಂದೆ ವಾರಕ್ಕೆರಡು ಸಲ ನನ್ನನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ಬರೆಸುತ್ತಿದ್ದ, ಬರೆದದ್ದನ್ನು ಒಂದು ನೀಲಿ ಪುಸ್ತಕಕ್ಕೆ ತನ್ನ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದ. ನನಗೋ ಖುಷಿಯೇ. ನನ್ನ ತಟ್ಟೆಗೆ ಮೊದಲು ಸಾರು ಬೀಳತೊಡಗಿತು.

ಅದು ನಿಂತದ್ದು ನಾನು ಇನ್ಯಾರನ್ನೋ ಅಮ್ಮ ಎಂದುಕೊಂಡ ದಿನ. ಅಮ್ಮನಿಗೆ ಒಂದು ಹಸಿರು ಸ್ವೆಟರ್ ಇತ್ತು. ಸ್ಟೇಷನ್ನಿನಲ್ಲಿ ಅವಳು ಮೇಘಳ ಶೂ ಲೇಸ್ ಕಟ್ಟಲು ಬಗ್ಗಿದ್ದಾಗ ರೈಲು ಬಂತು. ನನ್ನ ಮುಂದೆ ಹಸಿರೊಂದು ಹತ್ತಿತು, ನಾನೂ ಹತ್ತಿದೆ. ಬಾಗಿಲು ಮುಚ್ಚಿದ ಮೇಲೆ ಆ ಹಸಿರಿನ ಹತ್ತಿರ ಹೋಗಿ ಕೈ ಹಿಡಿದೆ. ಆ ಕೈಯಲ್ಲಿ ಬಳೆ ಇರಲಿಲ್ಲ. ಆ ಹೆಂಗಸು ಒಳ್ಳೆಯವಳು, ಮುಂದಿನ ಸ್ಟೇಷನ್ನು ಗ್ರಾನ್‌ವಿಲ್‌ನಲ್ಲಿ ನನ್ನ ಜೊತೆ ಇಳಿದು ಸ್ಟೇಷನ್ನಿನವನಿಗೆ ಒಪ್ಪಿಸಿದಳು. ಆತ ನನ್ನನ್ನು ಸಮಾಧಾನ ಮಾಡಲು, ನಿಮ್ಮಮ್ಮನ ರೈಲು ಎಷ್ಟು ನಿಮಿಷಕ್ಕೆ ಬರುತ್ತದೆ ಓದು ನೋಡೋಣ ಎಂದು ತಲೆಯ ಮೇಲಿನ ಬೋರ್ಡನ್ನು ತೋರಿಸಿದ. ಬೋರ್ಡು ಎಲ್ಲಿದೆ ಎಂದು ಕೇಳಿದೆ. ಅಮ್ಮ ಅಳುತ್ತಾ ಬಂದಿಳಿದಾಗ ಆತ ಅವಳಿಗೆ ಹೇಳಿದ್ದು ಒಂದೇ ಮಾತು, ಈ ಮಗುವಿನ ಕಣ್ಣು ಚೆಕ್ ಮಾಡಿಸಿ ಎಂದು. ಅವನು ನನ್ನನ್ನು ಕಂಡು ಆಗಿದ್ದದ್ದು ಬರೀ ಹತ್ತು ನಿಮಿಷ.

ಮಾರನೆಯ ದಿನವೇ ಅಮ್ಮ ಕರೆದುಕೊಂಡು ಹೋದಳು, ಅಪ್ಪನೂ ರಜೆ ಹಾಕಿ ಬಂದ. ಕತ್ತಲು ಕೋಣೆಯಲ್ಲಿ ಕೂರಿಸಿದರು. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ದೊಡ್ಡ ಅಕ್ಷರವೂ ನನಗೆ ಕಾಣಲಿಲ್ಲ. ಕಣ್ಣು ಪರೀಕ್ಷೆ ಮಾಡುತ್ತಿದ್ದ ಹೆಂಗಸು ದೀಪ ಹಾಕಿ, ಎಷ್ಟು ದಿನದಿಂದ ಹೀಗಿದ್ದಾಳೆ ಎಂದು ಅಪ್ಪನನ್ನು ಕೇಳಿದಳು.

"ಶಿ ಈಸ್ ಎ ವೆರಿ ಅಬ್ಸರ್ವೆಂಟ್ ಚೈಲ್ಡ್" ಅಂದ ಅಪ್ಪ.

ಆಕೆ ಅಪ್ಪನನ್ನು ನೋಡಿ, ಬರೆಯತೊಡಗಿದಳು. ಕನ್ನಡಕ ಬಂದ ದಿನ ಬಾಲ್ಕನಿಯಲ್ಲಿ ನಿಂತೆ. ಎದುರು ಕಟ್ಟಡದ ಕಿಟಕಿಯಲ್ಲಿ ಒಬ್ಬ ಮುದುಕಿ ನನಗೆ ಕೈ ಬೀಸಿದಳು. ಅವಳು ಬೀಸಿದ ರೀತಿಯಲ್ಲೇ ತಿಳಿಯುತ್ತಿತ್ತು, ಇದು ಮೊದಲ ಸಲವಲ್ಲ, ದಿನಾ ಬೀಸಿ, ನಾನು ತಿರುಗಿ ಬೀಸದೆ, ಆದರೂ ಬಿಡದೆ ಬೀಸುತ್ತಿದ್ದಾಳೆ ಎಂದು. ಎರಡೂ ಕೈ ಎತ್ತಿ ಬೀಸಿದೆ, ಆಮೇಲೆ ಒಳಗೆ ಹೋಗಿ ಅತ್ತೆ. ಅವತ್ತು ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ, ಇನ್ನು ಮೇಲೆ ನನ್ನ ದೃಷ್ಟಿ ತೆಗೀಬೇಡ, ನೀನು ತೆಗೆದದ್ದು ಅಂತ ನಾನು ಯಾರಿಗೂ ಹೇಳಿಲ್ಲ ಎಂದು. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಕೇಳಿಸ್ಕೊಂಡ್ಯಾ ಶಾರದಾ?" ಅಪ್ಪ ಅಂದ. "ನಿನ್ನ ಉಪ್ಪು ಮೆಣಸಿನಕಾಯಿ ಮಗು ಬಾಯಿ ಮುಚ್ಚಿಸಿಬಿಡ್ತು. ಇಲ್ದಿದ್ರೆ ಯಾವತ್ತೋ ಹೇಳಿರೋಳು."

"ನಂಗೆ ಹೀಗಾಗತ್ತೆ ಅಂತ ಗೊತ್ತಿರಲಿಲ್ಲ ರೀ."

"ಗೊತ್ತಿರಲ್ಲ. ಅದಕ್ಕೇ ಮೂಢನಂಬಿಕೆ ಅನ್ನೋದು."

ಇದೇ ನಮ್ಮ ಮನೆಯ ಪುರಾಣವಾಯಿತು. ಬಂದವರಿಗೆಲ್ಲ ಅಪ್ಪ ಇದನ್ನು ನಗಿಸುತ್ತಾ ಹೇಳುತ್ತಿದ್ದ. ಹೆಂಡತಿ ದೃಷ್ಟಿ ತೆಗೆದು ತೆಗೆದು ಮಗಳ ದೃಷ್ಟಿಯನ್ನೇ ತೆಗೆದುಬಿಟ್ಟಳು ಎಂದು. ಅಮ್ಮನೂ ನಗುತ್ತಿದ್ದಳು. ನಾನೂ ನಕ್ಕಿದ್ದೇನೆ, ಅದಕ್ಕೆ ನನಗೆ ನನ್ನ ಮೇಲೂ ಸಿಟ್ಟಿದೆ. ಅಮ್ಮ ಆಮೇಲೆ ಯಾವತ್ತೂ ಯಾರಿಗೂ ದೃಷ್ಟಿ ತೆಗೆಯಲಿಲ್ಲ. ನನ್ನ ಮದುವೆಯಲ್ಲಿ ತೆಗೆಯಲಿಲ್ಲ. ನನ್ನ ಮಗ ಹುಟ್ಟಿದಾಗ ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಮನೆಗೆ ಬಾಣಂತನಕ್ಕೆ ಬಂದಿದ್ದಳು. ಮಗು ಒಂದೇ ಸಮ ಅಳುತ್ತಿದ್ದಾಗ ನನ್ನ ಅತ್ತೆ ಉಪ್ಪು ತಂದು ಅವಳ ಕೈಗೆ ಕೊಟ್ಟರು. "ನನ್ನ ಕೈ ಬೇಡ, ನೀವೇ ಮಾಡಿ" ಎಂದು ಅಮ್ಮ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ಅಪ್ಪ ಅಮ್ಮ ಮೆಲ್ಬರ್ನಿನ ಟ್ರುಗನಿನಾದಲ್ಲಿ ಮೇಘಳ ಜೊತೆ ಇದ್ದಾರೆ. ಹಿತ್ತಲಿನ ಬೇಲಿಯಾಚೆ ವೇರ್‌ಹೌಸುಗಳ ಬೆನ್ನು, ಹಗಲೆಲ್ಲ ಲಾರಿಗಳು ರಿವರ್ಸ್ ತೆಗೆಯುವ ಸದ್ದು. ಅಪ್ಪನ ಕಣ್ಣು ಹೋಗುತ್ತಿದೆ. ಏನನ್ನೇ ನೋಡಿದರೂ ನಡುವೆ ಒಂದು ಕಪ್ಪು ಕಲೆ, ಸುತ್ತಲಿನ ಅಂಚಷ್ಟೇ ಕಾಣುತ್ತದಂತೆ. ಅದು ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಅಂದಿಲ್ಲ, ಅನ್ನಬೇಕೆನಿಸಿದ್ದು ನಿಜ. ಅರ್ಧರ್ಧ ಪುಟದಂತೆ ಇಷ್ಟು ವರ್ಷ ಮಾಡಿದ ಅನುವಾದವನ್ನು ಪುಸ್ತಕ ಮಾಡಲು ಬೆಂಗಳೂರಿನ ಪ್ರಕಾಶಕರೊಬ್ಬರು ಒಪ್ಪಿದ್ದರು. ಮುನ್ನುಡಿಯನ್ನು ಅಪ್ಪ ಫೋನಿಗೆ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದ, ಅಲ್ಲಿ ಟೈಪ್ ಮಾಡಿ ವಾಪಸ್ ಕಳಿಸಿದ್ದರು. ಅದನ್ನು ಓದಿ ಹೇಳಿ ತಿದ್ದಿಕೊಡಲು ನಾನೇ ಬೇಕೆಂದು ಹಟ ಹಿಡಿದ. ಕಳೆದ ತಿಂಗಳು ಹೋದೆ. ಮೇಘ ಕೆಲಸಕ್ಕೆ ಹೋಗಿದ್ದಳು, ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಹಾಲಿನಲ್ಲಿ ಅಪ್ಪನ ಎದುರು ಲ್ಯಾಪ್‌ಟಾಪ್ ಇಟ್ಟುಕೊಂಡು ಓದುತ್ತಾ ಹೋದೆ. ಮೂರನೇ ಪುಟದಲ್ಲಿ ನಾನಿದ್ದೆ. ಮುಖವಿಲ್ಲದ ಜನ, ಕೂದಲಿರುವ ದೀಪ, ಎಲ್ಲ ಇತ್ತು. ಅದರ ಕೆಳಗೆ ಅಮ್ಮನೂ ಇದ್ದಳು, ಉಪ್ಪು ಮೆಣಸಿನಕಾಯಿಯ ಸಮೇತ. ಮೂಢನಂಬಿಕೆ ಒಂದು ಮಗುವಿನ ಕಣ್ಣಿನ ದೋಷವನ್ನು ಹೇಗೆ ಮರೆಮಾಚಿತು ಎಂಬುದಕ್ಕೆ ಉದಾಹರಣೆಯಾಗಿ. ಓದುವುದನ್ನು ನಿಲ್ಲಿಸಿದೆ.

"ಇದನ್ನ ತೆಗೀತೀನಿ" ಅಂದೆ.

"ಯಾಕೆ? ಸುಳ್ಳಾ ಅದು?"

"ಅಮ್ಮನ್ನ ಮನೇಲಿ ಆಡಿಕೊಂಡಿದ್ದು ಸಾಲದಾ ನಿಮಗೆ? ಪ್ರಿಂಟ್ ಬೇರೆ ಮಾಡಿಸ್ತೀರಾ? ಬರೆಯೋದಿದ್ರೆ, 'ನಂಗೆ ಕಣ್ಣಿದ್ರೂ ಮಗಳಿಗೆ ಕಣ್ಣು ಕಾಣಲ್ಲ ಅನ್ನೋದನ್ನ ನಾನು ನೋಡ್ಲಿಲ್ಲ' ಅಂತ ಬರೀರಿ."

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

"ನೋಡ್ಲಿಲ್ಲ ಅಂತ ಬರೆಯೋಕಾಗಲ್ಲ. ಅದು ಸುಳ್ಳು. ನೀನು ಮೆಟ್ಟಿಲು ಇಳಿಯೋವಾಗ ಕಾಲಲ್ಲಿ ತಡಕಿ ತಡಕಿ ಇಳೀತಿದ್ದೆ. ಗಡಿಯಾರ ನೋಡೋಕೆ ಹುಬ್ಬು ಗಂಟು ಹಾಕ್ತಿದ್ದೆ. ಎಲ್ಲ ನೋಡಿದ್ದೆ, ಬರೆದೂ ಇಟ್ಟಿದ್ದೆ. ಸ್ಕೂಲಿಂದ ಕಾಗದಾನೂ ಬಂದಿತ್ತು, ಇವಳಿಗೆ ಗ್ಲಾಸಸ್ ಬೇಕು ಅಂತ."

"ಯಾವಾಗ?"

"ನೀನು ಸ್ಟೇಷನ್ ಬಗ್ಗೆ ಬರೆದೆಯಲ್ಲ, ಅದಾಗಿ ಸ್ವಲ್ಪ ದಿನಕ್ಕೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಕನ್ನಡಕ ಹಾಕಿದ್ರೆ ನೀನೂ ಎಲ್ಲರ ಥರ ನೋಡ್ತಿದ್ದೆ. ಸ್ವಲ್ಪ ದಿನ ಬರೀಲಿ, ಆಮೇಲೆ ಮಾಡಿಸೋಣ ಅಂದ್ಕೊಂಡೆ."

ಮೂವತ್ತು ವರ್ಷ ನಾನು ಸಿಟ್ಟು ಮಾಡಿಕೊಂಡಿದ್ದು ನೋಡಲು ಬಾರದ ಅಪ್ಪನ ಮೇಲೆ. ಆ ಸಿಟ್ಟಿನಲ್ಲಿ ಸ್ವಲ್ಪ ಕನಿಕರವೂ ಇತ್ತು, ಪಾಪ, ಅವನಿಗೆ ಗೊತ್ತಾಗಲಿಲ್ಲ ಎಂದು. ಈಗ ಆ ಕನಿಕರಕ್ಕೆ ಜಾಗವಿರಲಿಲ್ಲ. ಅವನಿಗೆ ಗೊತ್ತಿತ್ತು. ನಾನು ಮುಗ್ಗರಿಸುವುದನ್ನು ನೋಡಿ ಬರೆದಿಟ್ಟುಕೊಂಡ. ಗೊತ್ತಿದ್ದೂ, ಅವತ್ತು ಊಟದ ಹೊತ್ತಿನಲ್ಲಿ, ಸೌಟು ಹಿಡಿದು ನಿಂತಿದ್ದ ಹೆಂಡತಿಯ ತಲೆಗೆ ತಪ್ಪು ಕಟ್ಟಿದ. ತಾನು ಮಾಡಿದ್ದು ತಪ್ಪು ಎಂದು ಹೇಳಲು ಅವನಿಗೆ ಇವತ್ತಿಗೂ ನಾಲಿಗೆ ಹೊರಳಲಿಲ್ಲ. ನೋಡಲಿಲ್ಲ ಎಂಬ ಮಾತನ್ನು ಮಾತ್ರ ಸಹಿಸಲಾಗದೆ ನಿಜ ಹೇಳಿಬಿಟ್ಟ. ಅಡುಗೆಮನೆಯಲ್ಲಿ ಹೆಚ್ಚುವ ಸದ್ದು ನಿಂತಿತ್ತು. ನಾನು ಆ ಪುಟದಲ್ಲಿದ್ದ ನನ್ನನ್ನೂ ಅಮ್ಮನನ್ನೂ ಅಳಿಸಿ, ಬೇರೆ ಟೈಪ್ ಮಾಡಿದೆ. ಮಾಡಿ, ಜೋರಾಗಿ ಓದಿದೆ.

"'ನನ್ನ ಮಗಳಿಗೆ ಕಣ್ಣು ಕಾಣುತ್ತಿಲ್ಲವೆಂದು ನನಗೆ ಗೊತ್ತಿತ್ತು. ಬಹಳ ದಿನ ಯಾರಿಗೂ ಹೇಳದೆ ಮುಚ್ಚಿಟ್ಟೆ. ಇದರಲ್ಲಿ ನನ್ನ ಹೆಂಡತಿಯ ತಪ್ಪು ಏನೂ ಇಲ್ಲ.' ಇದನ್ನ ಹಾಕ್ತೀನಿ. ಬೇಡ ಅಂದ್ರೆ ಪುಸ್ತಕ ನೀವೇ ಓದ್ಕೊಳ್ಳಿ."

ಹೊರಗೆ ಲಾರಿಯೊಂದು ಹಿಂದಕ್ಕೆ ಬಂದು ನಿಂತಿತು.

"'ಬಹಳ ದಿನ' ಅಂತ ಬರೀಬಾರದು" ಅಂದ ಅಪ್ಪ. "ಎಷ್ಟು ಅಂತ ಹೇಳ್ಬೇಕು. ಹದಿಮೂರು ತಿಂಗಳು."

ಅವನು ತಿಂಗಳು ಎಣಿಸಿಟ್ಟಿದ್ದ. ನಾನು ತಿದ್ದಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ಕನ್ನಡಕ ಏರಿಸಿ ಪರದೆಯನ್ನು ನಿಧಾನವಾಗಿ ಓದಿದಳು.

"ಅದು ನಿಂದು ಪುಟ್ಟಿ" ಅಂದಳು. "ನಂದು ಮೂವತ್ತೆರಡು ವರ್ಷ. ಅದನ್ನೂ ಹಾಕು."

ಹಾಕಿದೆ, ಅದನ್ನೂ ಓದಿ ಹೇಳಿದೆ. ಅಪ್ಪ ಅದರಲ್ಲಿ ಏನನ್ನೂ ತಿದ್ದಲಿಲ್ಲ.